ಐದು ಎಸಳಿನ ಕಂಚು

ಯಲ್ಲಾಪುರ ದಾಟಿ ಇಡಗುಂದಿ ಮುಟ್ಟುವಷ್ಟರಲ್ಲಿ ಟ್ರೇಲರ್ ನಿಂತುಬಿಟ್ಟಿತು. ಮುಂದೆ ಅರಬೈಲ್ ಘಟ್ಟದಲ್ಲಿ ಲಾರಿಯೊಂದು ಅಡ್ಡ ಬಿದ್ದಿದೆ, ಅದನ್ನು ಎತ್ತುವ ತನಕ ದೊಡ್ಡ ಗಾಡಿಗಳಿಗೆ ದಾರಿಯಿಲ್ಲ ಎಂದರು ಪೊಲೀಸರು. ಚಾಲಕ ಕಲ್ಲಯ್ಯ ಆ ಉದ್ದದ ಗಾಡಿಯನ್ನು ಗೇಣುಗೇಣಾಗಿ ಸರಿಸಿ ರಸ್ತೆ ಬದಿಯ ಬಯಲಿಗೆ ತಂದು ನಿಲ್ಲಿಸಿದ. ಎಂಜಿನಿಯರ್ ಭರತ್ ಜೀಪು ಹತ್ತಿ ಘಟ್ಟದ ಕಡೆ ಹೊರಟವನು ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಶಾಂಭವಿ ಅಕ್ಕಾರ, ದಾರಿ ಭಾಳ ಕುಲುಕೇದ. ತಾಡಪತ್ರಿ ಬಿಚ್ಚಿ ಒಮ್ಮೆ ಕೈಯಾಡಿಸಿ ನೋಡ್ರಿ. ನೀವು ಹೂಂ ಅಂದ್ರನ ಘಟ್ಟ ಇಳಿಸೂದು."

ಶಾಂಭವಿ ತಲೆಯಾಡಿಸಿದಳು. ಅವಳ ಬಲಗೈ ಖಾಕಿ ಕೋಟಿನ ಕಿಸೆಯೊಳಗೆ ಮುಷ್ಟಿ ಕಟ್ಟಿಕೊಂಡಿತ್ತು.

ಟ್ರೇಲರಿನ ಮೇಲೆ ಇದ್ದದ್ದು ಹಡಗಿನ ಪ್ರೊಪೆಲ್ಲರ್. ಸಾಮಾನು ಹೊರುವ ಹಡಗಿನದಲ್ಲ. ಸಾವಿರಾರು ಜನ ಸುಮ್ಮನೆ ಕಡಲು ನೋಡಲೆಂದೇ ಹತ್ತುವ ಕ್ರೂಸ್ ಹಡಗಿನದು. ಅಂಥ ಹಡಗಿಗೆ ಎರಡು ಬೇಕು, ಎಡಕ್ಕೊಂದು ಬಲಕ್ಕೊಂದು. ಎಡದ್ದು ಹಿಂದಿನ ವರ್ಷವೇ ಹೋಗಿತ್ತು. ಇದು ಬಲದ್ದು. ಹುಬ್ಬಳ್ಳಿ ಬದಿಯ ಎರಕದ ಕಾರ್ಖಾನೆಯಲ್ಲಿ ಕಂಚು ಕರಗಿಸಿ ಹೊಯ್ದು, ತಿಂಗಳುಗಟ್ಟಲೆ ಉಜ್ಜಿ ಹೊಳಪಿಗೆ ತಂದದ್ದು. ಕಾರವಾರ ಮುಟ್ಟಿಸಿದರೆ ಅಲ್ಲಿಂದ ಬಾರ್ಜಿನ ಮೇಲೆ ಶಿಪ್‌ಯಾರ್ಡಿಗೆ ಹೋಗುತ್ತದೆ.

ಉಜ್ಜುವ ಕೆಲಸ ಶಾಂಭವಿಯದು. ಬನವಾಸಿ ಹತ್ತಿರದ ಹಳ್ಳಿಯವಳು. ಗಂಡ ಆನಂದ ಊರಲ್ಲಿ ಅನಾನಸು ಬೆಳೆಯುತ್ತಾನೆ; ಇವಳು ವಾರವಿಡೀ ಕಾರ್ಖಾನೆಯ ಬಳಿಯ ಕೋಣೆಯಲ್ಲಿದ್ದು ಭಾನುವಾರ ಮನೆಗೆ ಬರುತ್ತಾಳೆ. ಎಸಳಿನ ಅಂಚಿನಲ್ಲಿ ಅಷ್ಟಿಷ್ಟು ತರಿ ಉಳಿದರೂ ನೀರು ಅಲ್ಲಿ ತೊಡರಿ ಗುಳ್ಳೆಯೇಳುತ್ತದೆ, ಗುಳ್ಳೆ ಒಡೆದೊಡೆದು ಕಂಚನ್ನೇ ತಿನ್ನುತ್ತದೆ, ಮೇಲಿನ ಕೋಣೆಗಳಲ್ಲಿ ಮಲಗಿದವರಿಗೆ ರಾತ್ರಿಯಿಡೀ ಗುಡುಗುಡು ಕೇಳುತ್ತದೆ. ಕಾರ್ಖಾನೆಯಲ್ಲಿ ಅದನ್ನು ಅಳೆಯಲು ಯಂತ್ರಗಳಿವೆ. ಆದರೂ ಕೊನೆಗೆ ಎಲ್ಲರೂ ಶಾಂಭವಿಯತ್ತ ನೋಡುತ್ತಾರೆ. ಅವಳು ಕಣ್ಣು ಮುಚ್ಚಿ ಅಂಗೈಯನ್ನು ಅಂಚಿನುದ್ದಕ್ಕೂ ಎಳೆದು ಹೂಂ ಅನ್ನಬೇಕು. ಅವಳ ಬದುಕಿನಲ್ಲಿ ಮತ್ತೆಲ್ಲೂ ಅವಳ ಒಂದು ಮಾತಿಗಾಗಿ ಗಂಡಸರು ಕೈಕಟ್ಟಿ ಕಾದದ್ದಿಲ್ಲ.

ಆ ಕೈ ಈಗ ಸತ್ತಿತ್ತು. ವರ್ಷಗಟ್ಟಲೆ ಗ್ರೈಂಡರ್ ಹಿಡಿದು ಹಿಡಿದು, ಅದರ ನಡುಕಕ್ಕೆ ಬೆರಳುಗಳ ನರ ಸೋತುಹೋಗಿದ್ದವು. ಮಗಳಿಗೆ ಜ್ವರ ಬಂದ ದಿನ ಹಣೆ ಮುಟ್ಟಿದರೆ ಬಿಸಿಯೇ ತಿಳಿಯಲಿಲ್ಲ; ಬಾಗಿ ಕೆನ್ನೆ ಇಟ್ಟು ನೋಡಿದ್ದಳು. ಯಾರಿಗೂ ಹೇಳಿರಲಿಲ್ಲ. ಈ ಬಲದ ಪ್ರೊಪೆಲ್ಲರನ್ನು ಜೊತೆಯ ಹುಡುಗಿ ಸೀತಾಳ ಕೈಯಿಂದ ನೋಡಿಸಿದ್ದಳು, ಕಲಿಸುವ ನೆಪ ಮಾಡಿ. "ಏನ್ ಅನಿಸ್ತು ಹೇಳು ನೋಡೂಣು" ಎಂದು ಕೇಳಿ, ಸೀತಾ ಹೇಳಿದ್ದನ್ನೇ ತನ್ನ ಹೂಂ ಮಾಡಿಕೊಂಡಿದ್ದಳು. ದಾರಿಯಲ್ಲಿ ಮಾತ್ರ ಸೀತಾ ಇರಲಿಲ್ಲ.

ಕಲ್ಲಯ್ಯನೂ ಅವಳೂ ಸೇರಿ ತಾಡಪತ್ರಿ ಎಳೆದರು, ಅಂಚಿಗೆ ಕಟ್ಟಿದ್ದ ರಬ್ಬರಿನ ಪಟ್ಟಿಗಳನ್ನು ಬಿಚ್ಚಿದರು. ಬೆಳಗಿನ ಬಿಸಿಲು ನೇರ ಬಂದು ಕಂಚಿನ ಮೇಲೆ ಬಿತ್ತು. ಎರಡಾಳು ಮೀರಿದ ಎತ್ತರಕ್ಕೆ, ಓರೆಯಾಗಿ ನಿಲ್ಲಿಸಿದ್ದ ಐದು ಎಸಳು. ಒಂದೊಂದೂ ತುದಿಯಲ್ಲಿ ಒಂದಿಷ್ಟು ಹೊರಳಿ, ಈಗಷ್ಟೇ ಅರಳಲು ಹೊರಟಂತೆ. ದಿನವೂ ನೋಡಿದ್ದರೂ ಶಾಂಭವಿ ಬಿಚ್ಚಿದ ಪಟ್ಟಿ ಹಿಡಿದೇ ನಿಂತು ನೋಡಿದಳು. ಆ ಅಚ್ಚರಿ ಅವಳಿಗೆ ಒಮ್ಮೆಯೂ ಹಳತಾಗಿರಲಿಲ್ಲ.

ಪಕ್ಕದ ಚಾ ಅಂಗಡಿಯಿಂದ ಅದನ್ನು ನಡೆಸುವ ನಾಗಿ ಕೈಯಲ್ಲಿ ಜಾಲರಿ ಸೌಟು ಹಿಡಿದೇ ಹೊರಗೆ ಬಂದಳು. ಐವತ್ತು ದಾಟಿದ ಹೆಂಗಸು. ಎಣ್ಣೆಯಲ್ಲಿ ಬನ್ಸ್ ಬೇಯುತ್ತಿದ್ದವು, ಅದನ್ನೂ ಮರೆತಳು.

"ಎಂತದ್ರಾ ಇದು? ಬಂಗಾರದ್ದಾ?"

"ಹೌದ್ರಿ ಯವ್ವಾ, ಬಂಗಾರದ ಫ್ಯಾನು" ಎಂದ ಕಲ್ಲಯ್ಯ. "ನಿಮ್ಮ ಅಂಗಡ್ಯಾಗ ಭಾಳ ಶೆಕಿ ಅದ. ಇಳಿಸಿ ಹೋಗ್ಲೇನು?"

"ಇಳ್ಸಿ, ಇಳ್ಸಿ. ಕರೆಂಟ್ ಬಿಲ್ ಮಾತ್ರ ನೀವೇ ಕಟ್ಟಿ."

"ಅಕ್ಕಾರ, ನಿಮ್ಮ ಬನ್ಸ್ ಕರಕಾಗ್ಲಿಕ್ಕತ್ತಾವ" ಎಂದು ಶಾಂಭವಿ ನಕ್ಕಳು. ನಾಗಿ ಓಡಿಹೋಗಿ ಒಲೆ ಆರಿಸಿ ಮತ್ತೆ ಓಡಿ ಬಂದಳು. ಕರಕಾದ ಬನ್ಸ್ ಕಲ್ಲಯ್ಯನ ಪಾಲಿಗೆ ಬಂದವು. ಅವನು ತಿಂದು, ಗಾಡಿಯ ನೆರಳಲ್ಲಿ ಟವೆಲ್ ಹಾಸಿ ಅಡ್ಡಾದ.

ನಾಗಿ ಚಾ ಕೊಟ್ಟು ಎದುರಿನ ಬೆಂಚಿನಲ್ಲಿ ಕೂತಳು. ಅದು ಹಡಗಿನದೆಂದು ಶಾಂಭವಿಯಿಂದ ಕೇಳಿ ತಿಳಿದಳು. "ಹಡಗಿನ ಫ್ಯಾನೇ ಇಷ್ಟಾದ್ರೆ ಹಡಗು ಎಷ್ಟು, ತಂಗಿ? ನೀ ಕಂಡಿದ್ಯಾ?"

ಕಂಡಿದ್ದಳು. ಎಡದ್ದನ್ನು ಕೂರಿಸುವಾಗ ಶಾಂಭವಿಯನ್ನೂ ಯಾರ್ಡಿಗೆ ಕಳಿಸಿದ್ದರು.

"ಹಡಗು ಅಂದ್ರ ಕೆಳಗಿಂದ ಮ್ಯಾಲೆ ಕಟ್ಕೋತ ಹೋಗ್ತಾರಂತ ತಿಳ್ಕೊಂಡಿದ್ದೆ, ಮನಿ ಕಟ್ಟಿದಂಗ" ಎಂದಳು. "ಹಂಗಲ್ಲರಿ. ತುಂಡು ತುಂಡು ಮಾಡ್ತಾರ, ಒಂದೊಂದು ತುಂಡೂ ನಿಮ್ಮೂರ ಸಾಲಿ ಕಟ್ಟಡದಷ್ಟು. ಅದನ್ನೂ ಬೋರಲಾಗಿ ಕಟ್ತಾರ. ಛಾವಣಿ ಕೆಳಗ, ನೆಲ ಮ್ಯಾಲೆ."

"ಅದೆಂತಕ್ಕೆ?"

"ಬಗ್ಗಿ ವೆಲ್ಡಿಂಗ್ ಮಾಡೂದು ಸಲೀಸು, ತಲಿ ಎತ್ತಿ ಮಾಡೂದು ಕಷ್ಟ, ಅದಕ್ಕ. ಮುಗಿದ ಮ್ಯಾಲೆ ಕ್ರೇನಿನಾಗ ಎತ್ತಿ ಗಾಳ್ಯಾಗ ಹೊರಳಸ್ತಾರ. ಮಲಗಿದ ಕೂಸಿನ ಮಗ್ಗಲ ಬದಲಿಸಿದಂಗ, ಅಷ್ಟು ಸಾವಕಾಶ. ಸುತ್ತ ನಿಂತವರು ಯಾರೂ ಮಾತಾಡೂದಿಲ್ಲ. ಮಲಗೋ ಕೋಣಿ ಎಲ್ಲ ಬ್ಯಾರೆ ಕಡೆ ತಯಾರಾಗಿ ಬರ್ತಾವ. ಹಾಸಿಗಿ, ಕನ್ನಡಿ, ನಲ್ಲಿ ಸಹಿತ. ಕಪಾಟಿಗೆ ಡ್ರಾವರ್ ತಳ್ಳಿದಂಗ ಒಳಗ ತಳ್ಳಿಬಿಡ್ತಾರ."

"ನಮ್ಮ ಮನೆಯ ಬಚ್ಚಲಿಗೆ ನಲ್ಲಿ ಹಾಕ್ಸೂಕೆ ನಮ್ಮನೆಯವ್ರಿಗೆ ಎರಡು ವರ್ಷ ಬೇಕಾತು" ಎಂದಳು ನಾಗಿ. "ಮುಂದೆ ಹೇಳು."

ಶಾಂಭವಿ ಹೇಳಿದಳು. ನೀರಿಲ್ಲದ ದೊಡ್ಡ ಹೊಂಡದಲ್ಲಿ, ಸಾಲಾಗಿಟ್ಟ ದಿಮ್ಮಿಗಳ ಮೇಲೆ ಇಡೀ ಹಡಗು ನಿಂತಿತ್ತು. ಅದರ ಕೆಳಗೆ ನಡೆದು ಹೋಗಬೇಕು. ತಲೆಯ ಮೇಲೆ ಆಕಾಶದ ಬದಲು ಉಕ್ಕು, ಆ ತುದಿಯಿಂದ ಈ ತುದಿಯವರೆಗೆ. ಮೇಲೆ ಸಾವಿರ ಜನ ಕೆಲಸ ಮಾಡುತ್ತಿದ್ದರೂ ಕೆಳಗೆ ದೊಡ್ಡ ಮರದ ನೆರಳಿನಂಥ ತಣ್ಣನೆ ಮೌನ. ಒಂದು ದಿನ ಆ ಹೊಂಡಕ್ಕೆ ಕಡಲನ್ನು ಬಿಡುತ್ತಾರಂತೆ. ನೀರು ಏರುತ್ತದೆ, ಯಾರೂ ತಳ್ಳದೆ, ಯಾರೂ ಎಳೆಯದೆ ಹಡಗು ತಾನೇ ದಿಮ್ಮಿಗಳಿಂದ ಮೇಲೇಳುತ್ತದೆ.

ಒಂದನ್ನು ಮಾತ್ರ ಅವಳು ಹೇಳಲಿಲ್ಲ. ಆ ಉಕ್ಕಿನ ಆಕಾಶವನ್ನು ಮುಟ್ಟಬೇಕೆನಿಸಿ ತುದಿಗಾಲಲ್ಲಿ ನಿಂತು ಕೈ ಚಾಚಿದ್ದಳು. ಅಂಗೈ ಮುಟ್ಟಿದ್ದು ಕಣ್ಣಿಗೆ ಕಂಡಿತು. ಕೈಗೆ ತಣ್ಣಗೂ ಆಗಲಿಲ್ಲ, ಬಿಸಿಯೂ ಆಗಲಿಲ್ಲ. ಬದುಕಿನಲ್ಲಿ ತಾನು ಕಂಡ ಎಲ್ಲಕ್ಕಿಂತ ದೊಡ್ಡದನ್ನು ಮುಟ್ಟಿದ ಗಳಿಗೆಯಲ್ಲೇ ಕೈ ಹೋಗಿದೆ ಎಂಬುದು ಅವಳಿಗೆ ಖಾತ್ರಿಯಾಗಿತ್ತು.

ಮುಖ ತೊಳೆದು ಬರುತ್ತೇನೆಂದು ಅವಳು ಅಂಗಡಿಯ ಹಿಂದಕ್ಕೆ ಹೋದಳು. ನಿಜಕ್ಕೆ ಅವಳಿಗೆ ಬೇಕಾದದ್ದು ಸ್ವಲ್ಪ ಹೊತ್ತು. ಕಣ್ಣಿಗೆ ಎಲ್ಲ ಸರಿಯಾಗೇ ಕಾಣುತ್ತಿದೆ. ಸುಮ್ಮನೆ ಹೂಂ ಅಂದರೆ ಯಾರಿಗೆ ಗೊತ್ತಾಗುತ್ತದೆ? ಮುಂದಿನ ಒಂದು ವರ್ಷ ಹೀಗೇ ಕಳೆಯಬಹುದು. ತಂಬಿಗೆಯ ನೀರು ಮುಖಕ್ಕೆ ಎರಚಿಕೊಂಡಳು.

ಆಗ ಆ ಸದ್ದು ಬಂತು.

ಮೊದಲು 'ಟಣ್' ಎಂದಿತು. ಆಮೇಲೆ ಅದು ನಿಲ್ಲಲಿಲ್ಲ. ಒಂದೇ ದನಿ ಹರಡುತ್ತ, ತುಂಬುತ್ತ, ರಸ್ತೆ ದಾಟಿ ಆಚೆಯ ಕಾಡಿನ ಅಂಚಿಗೆ ಹೋಗಿ ಮುಟ್ಟಿತು. ಮರದ ಮೇಲಿನ ಹಕ್ಕಿಗಳು ಸುಮ್ಮನಾದವು. ಎರಕದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕಂಚು ಹಾಗೆ ಹಾಡುವುದಿಲ್ಲ. ಗಾಬರಿಯಿಂದ ಟ್ರೇಲರಿನತ್ತ ಓಡುತ್ತಿದ್ದರೂ ಶಾಂಭವಿಯ ಮನಸ್ಸಿನ ಒಂದು ಮೂಲೆ ಆ ದನಿಗೆ ತಲೆಬಾಗಿತು.

ಟ್ರೇಲರಿನ ಹತ್ತಿರ ನಾಗಿ ಕತ್ತಿ ಹಿಡಿದು ಕಲ್ಲಾಗಿ ನಿಂತಿದ್ದಳು. ಕೆಳಗೆ ಎರಡು ಹೋಳಾದ ತೆಂಗಿನಕಾಯಿ. ಕೆಳಗಿನ ಎಸಳಿನಿಂದ ಕಾಯಿಯ ನೀರು ತೊಟ್ಟಿಕ್ಕುತ್ತಿತ್ತು. ಕಲ್ಲಯ್ಯ ಎದ್ದು ಕಣ್ಣುಜ್ಜುತ್ತ, "ಏನ್ ಮಾಡಿದ್ರೀ ಯವ್ವಾ!" ಎನ್ನುತ್ತಿದ್ದ.

"ಘಟ್ಟ ಇಳಿಯೂಕೆ ಮುಂಚೆ ಎಲ್ಲ ಗಾಡಿಯವ್ರೂ ಕಾಯಿ ಒಡೀತ್ರು" ಎಂದಳು ನಾಗಿ. "ಗಾಡಿಗೆ ಅವ್ರು ಒಡೀಲಿ, ಈ ತಾಯಿಗೆ ನಾ ಒಡೀತೆ ಅಂದ್ಕಂಡೆ. ಕಾಯಿನ ಅಂಚಿಗೆ ಹಿಡ್ದು ಕತ್ತಿಲಿ ಮೆಲ್ಲಗೆ ತಟ್ಟಿದ್ದು. ಜಾರ್ತು, ತಂಗಿ. ದೇವ್ರಾಣೆ, ಜಾರ್ತು."

ಅಂಚಿನಲ್ಲಿ ಅಕ್ಕಿಕಾಳಿನಷ್ಟು ಗಾಯ. ಶಾಂಭವಿ ಬೈಯಲಿಲ್ಲ. ಪೆಟ್ಟಿಗೆಯಿಂದ ಅರ, ಎಮರಿ ಕಾಗದ ತಂದಳು. ಉಜ್ಜುವುದು ತೋಳಿಗೂ ಕಣ್ಣಿಗೂ ಗೊತ್ತಿತ್ತು. ಗಾಯದ ಎರಡೂ ಬದಿಗೆ ಇಳಿಜಾರು ಮಾಡಿ, ಅಂಚಿನ ಬಾಗು ಕೆಡದಂತೆ ಸ್ವಲ್ಪಸ್ವಲ್ಪವೇ ಸವೆಸಿದಳು. ಗಾಯ ಮಾಯವಾಯಿತು. ಬಿಸಿಲಿಗೆ ಅಂಚು ಎಷ್ಟು ಹೊಳೆಯುತ್ತಿತ್ತೆಂದರೆ, ಉಳಿದದ್ದು ತರಿಯೋ ಮಿಂಚೋ ಕಣ್ಣಿಗೆ ಹೇಳಲಾಗಲಿಲ್ಲ.

ಅಂಗೈ ಇಟ್ಟಳು. ಕಂಚೂ ಒಂದೇ, ಗಾಳಿಯೂ ಒಂದೇ. ಎಡಗೈ ಇಟ್ಟಳು. ಅದೂ ಅಷ್ಟೇ. ಕೊನೆಗೆ ಯಾರಿದ್ದಾರೆಂಬುದನ್ನು ಮರೆತು, ಮಗಳ ಹಣೆಗೆ ಬಾಗಿದ ಹಾಗೆ ಬಾಗಿ ಕೆನ್ನೆ ಇಟ್ಟಳು. ಕಂಚಿನ ಬಿಸಿ ತಿಳಿಯಿತು, ತರಿ ಇದೆಯೋ ಇಲ್ಲವೋ ತಿಳಿಯಲಿಲ್ಲ.

ನಾಗಿ ನೋಡುತ್ತಿದ್ದಳು. ಹತ್ತಿರ ಬಂದು, ಕಲ್ಲಯ್ಯನಿಗೆ ಕೇಳದಷ್ಟು ಮೆಲ್ಲಗೆ ಅಂದಳು: "ಕೈಗೆ ಎಂತಾಗದೆ, ತಂಗಿ?"

ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅತ್ತೆ ಪಾರ್ವತವ್ವ ರೊಟ್ಟಿ ತಟ್ಟುವಾಗ ಇವಳ ಬೆರಳು ಸುಟ್ಟದ್ದನ್ನು ಕಂಡು ಲಕ್ಷ್ಯವಿಲ್ಲವೆಂದು ಗದರಿದ್ದಳು, ಅಷ್ಟೇ. ಶಾಂಭವಿ ಬಲಗೈಯನ್ನು ತೆರೆದು ಹಿಡಿದಳು. "ಜೀವ ಇಲ್ರಿ ಇದರಾಗ. ಕಾರ್ಖಾನ್ಯಾಗ ಗೊತ್ತಾದ್ರ ನನ್ನ ತಗದಹಾಕ್ತಾರ" ಎಂದಳು. ಆಮೇಲೆ ತಾನೇ ನಾಗಿಯ ಮಣಿಕಟ್ಟು ಹಿಡಿದಳು. "ನಿಮ್ಮ ಕೈ ಕೊಡ್ರಿ."

"ನಂದಾ? ಒಂದ್ಸಲ ಹಾಳ್ಮಾಡಿದ್ದು ಸಾಲ್ದಾ?"

"ಕಣ್ಣು ಮುಚ್ರಿ. ಒತ್ತಬ್ಯಾಡ್ರಿ. ಬೆಕ್ಕಿನ ಬೆನ್ನು ಸವರಿದಂಗ."

ನಾಗಿ ಅಂಗೈಯನ್ನು ಸೆರಗಿಗೆ ಮೂರು ಸಲ ಒರೆಸಿಕೊಂಡು ಕಣ್ಣು ಮುಚ್ಚಿದಳು. ಕೈ ಅಂಚಿನ ಮೇಲೆ ಸರಿಯಿತು, ನಿಂತಿತು. "ಇಲ್ಲಿ. ಒರಟು ಕೂದ್ಲು ತಾಗ್ದಂಗೆ."

ಶಾಂಭವಿ ಅಲ್ಲಿ ಉಜ್ಜಿದಳು. ಮತ್ತೆ ಕೈ. "ಅದೆ ಇನ್ನೂ, ಸಣ್ಣಕೆ." ಮತ್ತೆ ಉಜ್ಜಿದಳು. ಈ ಸಲ ನಾಗಿಯ ಕೈ ಎಲ್ಲಿಯೂ ನಿಲ್ಲಲಿಲ್ಲ. ಗಾಯವಿದ್ದ ಜಾಗ ದಾಟಿ, ಅಂಚು ಬಿಟ್ಟು, ಎಸಳಿನ ಹೊಟ್ಟೆಯ ಮೇಲೆ ಹಾಗೇ ಹರಿಯಿತು. ಮುಚ್ಚಿದ ಕಣ್ಣು ತೆರೆಯಲಿಲ್ಲ. ಅವಳ ಮುಖ ಹುಡುಗಿಯದಾಯಿತು.

"ಅಬ್ಬಾ" ಎಂದಳು. "ಹರಿಯೋ ನೀರಿಗೆ ಕೈ ಇಟ್ಟಂಗೆ ಆಗ್ತದೆ. ಇದು ಎಲ್ಲಿರ್ತದೆ ಹಡಗಲ್ಲಿ?"

"ತಳದಾಗ, ನೀರಿನೊಳಗ. ಯಾರಿಗೂ ಕಾಣೂದಿಲ್ಲ."

"ಯಾರಿಗೂ ಕಾಣದ್ದಕ್ಕೆ ಇಷ್ಟು ಚೆಂದನಾ!"

ಶಾಂಭವಿ ನಾಗಿಯ ಕೈಯನ್ನೇ ನೋಡುತ್ತಿದ್ದಳು. ಮೊದಲ ಎರಕದ ದಿನ ತನ್ನ ಕೈಯೂ ಹೀಗೇ ಹರಿದದ್ದು ನೆನಪಿತ್ತು. ಆ ಸುಖ ಇನ್ನು ತನಗಿಲ್ಲ ಎಂದು ತಿಳಿದೂ ಹೊಟ್ಟೆಕಿಚ್ಚಾಗಲಿಲ್ಲ.

ಜೀಪು ಬಂತು. ಭರತ್ ಇಳಿಯುತ್ತಲೇ ಕೂಗಿದ. "ದಾರಿ ತೆಗೆದ್ರು! ಒಂದು ತಾಸು ಎರಡೂ ಕಡೆ ಗಾಡಿ ನಿಲ್ಲಸ್ತಾರ. ಅಕ್ಕಾರ, ಏನ್ ಅಂತದ ಕೈ?"

"ಸಮ ಉಂಟು, ಎಲ್ಲ ಸಮ ಉಂಟು" ಎಂದು ನಾಗಿ ಮುಂದಾದಳು. "ಈ ತಂಗಿ ಆಗಿಂದ ನೋಡ್ತಾನೇ ಇತ್ತು."

ಹೂಂ ಅನ್ನುವುದಷ್ಟೇ ಉಳಿದಿತ್ತು. ಅಂಚು ಸರಿಯಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಶಾಂಭವಿ ತಲೆಯೆತ್ತಿದಳು. ಎಸಳುಗಳು ಬಿಸಿಲು ಹಿಡಿದು ನಿಂತಿದ್ದವು. ಬೋರಲು ಕಟ್ಟಿ ಹೊರಳಿಸಿದ ಆ ಉಕ್ಕಿನ ಊರು, ಅದರೊಳಗೆ ದೀಪ ಆರಿಸಿ ಮಲಗುವ ಗುರುತಿಲ್ಲದ ಜನ, ಅವರ ಹಾಸಿಗೆಯ ಕೆಳಗೆ ಕತ್ತಲ ನೀರಲ್ಲಿ ತಿರುಗುವ ಈ ಕಂಚು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಇಷ್ಟು ದೊಡ್ಡದರ ಪಕ್ಕ ತನ್ನ ಮುಚ್ಚಿಟ್ಟ ಮುಷ್ಟಿ ತೀರಾ ಸಣ್ಣದೆನಿಸಿತು. ಹೆದರಿಕೆ ಹೋಗಿರಲಿಲ್ಲ, ಆದರೆ ಅದೂ ಸಣ್ಣದಾಗಿತ್ತು.

"ನನ್ನ ಕೈ ಏನೂ ಅನ್ನೂದಿಲ್ರಿ ಸರ" ಎಂದಳು. "ವರ್ಷ ಆಗ್ತಾ ಬಂತು. ಕತ್ತಿ ತಾಗಿ ಗಾಯ ಆಗಿತ್ತು, ಉಜ್ಜೀನಿ. ಸರಿಯಾಗೇದ ಅಂದದ್ದು ಈ ಅಕ್ಕಾರ ಕೈ."

ಭರತ್ ನಕ್ಕ. ಅವಳು ನಗದಿದ್ದುದನ್ನು ಕಂಡು ನಿಲ್ಲಿಸಿದ. "ಮತ್ತ ಕಾರ್ಖಾನ್ಯಾಗ ನೋಡಿದ್ದು?"

"ಸೀತಾ. ಅಕಿ ಕೈ ಭಾಳ ಚಲೋ ಅದ. ನಾನು ಬರೇ ಹೂಂ ಅಂದೀನಿ."

ಅವನು ಎಸಳಿನ ಅಂಚಿಗೆ ತನ್ನ ಬೆರಳಿಟ್ಟು ಎಳೆದು ನೋಡಿದ. "ನಾನು ಇದನ್ನ ಆಫೀಸಿಗೆ ಹೇಳಬೇಕಾಗ್ತದ, ಅಕ್ಕಾರ. ಇನ್ನ ನಿಮ್ಮನ್ನ ಈ ಕೆಲಸಕ್ಕ ಹಚ್ಚೂದಿಲ್ಲ."

"ಹೇಳ್ರಿ. ನಾನೂ ಹೇಳ್ತೀನಿ."

ಅಳು ಬರುತ್ತದೆಂದುಕೊಂಡಿದ್ದಳು. ಬರಲಿಲ್ಲ. ನಾಗಿ ಮಾತ್ರ ಸೆರಗಿನಿಂದ ಕಣ್ಣೊತ್ತಿಕೊಂಡು, "ನನ್ನ ಕತ್ತಿಗೆ ಬೆಂಕಿ ಬೀಳ್ಲಿ" ಎನ್ನುತ್ತಿದ್ದಳು.

"ನಿಮ್ಮ ಕತ್ತಿ ಇರ್ಲಿಲ್ಲಂದ್ರ ನಾನು ಹೇಳ್ತಿದ್ದಿಲ್ರಿ" ಎಂದು ಶಾಂಭವಿ ಅವಳ ಭುಜ ಮುಟ್ಟಿದಳು.

ಅಂಚಿಗೆ ರಬ್ಬರಿನ ಪಟ್ಟಿ ಮತ್ತೆ ಕಟ್ಟಿದರು; ಎಸಳಿನ ತುದಿ ಕಾಣಬೇಕೆಂದು ತಾಡಪತ್ರಿ ಹೊದಿಸಲಿಲ್ಲ. ಘಟ್ಟದ ತಿರುವುಗಳಲ್ಲಿ ಯಾರಾದರೂ ಮುಂದೆ ನಡೆದು, ಎಸಳಿಗೂ ಬಂಡೆಗೂ ನಡುವಿನ ಜಾಗ ನೋಡಬೇಕಿತ್ತು. ಭರತ್ ಹೊರಟಾಗ ಶಾಂಭವಿ ತಡೆದಳು, ತಾನೇ ನಡೆಯುತ್ತೇನೆಂದಳು. ಅವನು ಅವಳ ಮುಖ ನೋಡಿ ಪಕ್ಕಕ್ಕೆ ಸರಿದ.

ಮೊದಲ ತಿರುವಿನಲ್ಲಿ ತಡೆದು ನಿಲ್ಲಿಸಿದ್ದ ಬಸ್ಸಿನಿಂದ ಜನ ಇಳಿದು ಸಾಲಾಗಿ ನಿಂತಿದ್ದರು. ಫೋನು ಎತ್ತಿದವರೂ ಕೈ ಇಳಿಸಿ ಬರಿಗಣ್ಣಿಂದ ನೋಡಿದರು. ಶಾಂಭವಿ ಬಂಡೆಯ ಪಕ್ಕ ನಿಂತು ಬಲಗೈ ಎತ್ತಿ, ಬಾ ಎಂದು ಬೆರಳು ಮಡಚಿದಳು. ಮೇಲೆ ಕಲ್ಲಯ್ಯ ಬ್ರೇಕು ಸಡಿಲಿಸಿದ. ಬೆಟ್ಟದ ಅಂಚನ್ನು ಗೇಣಿನಷ್ಟು ಬಿಟ್ಟು, ಆ ಹೊಳೆಯುವ ಭಾರವೆಲ್ಲ ಅವಳ ಬೆರಳು ಕರೆದಷ್ಟೇ ಮುಂದೆ ಬಂತು. ನಿಲ್ಲು ಎಂದಾಗ ನಿಂತಿತು. ಅವಳು ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಮತ್ತೆ ಕರೆದಳು.