ಹಳೇ ಮಾಸ್ಟರ ಕೋಟು

ವಂದನಾರ್ಪಣೆ ಅಂದರೆ ಜನ ಕೂತಲ್ಲೇ ಕಾಲಿನಿಂದ ಚಪ್ಪಲಿ ತಡಕುವ ಹೊತ್ತು. ಹರಿತ ನಾಲಿಗೆಗಾಗಿ ಊರವರು ಕತ್ತರಿ ಅಂತ ಹೆಸರಿಟ್ಟಿದ್ದ ದರ್ಜಿಗೆ ಇದು ಗೊತ್ತಿಲ್ಲದ್ದೇನಲ್ಲ. ಅವನೇ ಎಷ್ಟೋ ಸಭೆಗಳಲ್ಲಿ ಹಾಗೆ ಎದ್ದು ಬಂದವನು. ಆದರೂ ದರ್ಜಿಗಳ ಸಂಘದ ಅಧ್ಯಕ್ಷ "ಈ ಸಲ ವಂದನಾರ್ಪಣೆ ನಿಂದೇ" ಅಂದಾಗ ಹೂಂ ಅಂದುಬಿಟ್ಟ. ಹೂಂ ಅನ್ನದೆ ಬೇರೆ ದಾರಿ ಇರಲಿಲ್ಲ.

ಸಂಘದ ಕಟ್ಟಡದ ಮೇಲೆ ಹೊಸದಾಗಿ ಮಹಡಿ ಎದ್ದಿತ್ತು. ಅದರ ಉದ್ಘಾಟನೆಯ ಕಾರ್ಡು ಕೈಗೆ ಬಂದ ದಿನ ಕತ್ತರಿ ತನ್ನ ಕೈಯಲ್ಲಿದ್ದ ಬಟ್ಟೆ ಬಿಸಾಕಿ ನೇರ ಅಧ್ಯಕ್ಷನ ಕೋಣೆಗೆ ನುಗ್ಗಿದ್ದ. ಕಾರ್ಡಿನಲ್ಲಿ ಬಣ್ಣ ಬಳಿದವನ ಹೆಸರಿತ್ತು, ಕುರ್ಚಿ ಬಾಡಿಗೆಗೆ ಕೊಟ್ಟವನ ಹೆಸರಿತ್ತು. ಹಳೇ ಮಾಸ್ಟರ ಹೆಸರಿರಲಿಲ್ಲ.

ಹಳೇ ಮಾಸ್ಟರು ಕತ್ತರಿಗೆ ಹೆಣ್ಣು ಕೊಟ್ಟ ಮಾವ. ಕೆಲಸ ಕಲಿಸಿದವರೂ ಅವರೇ. ದರ್ಜಿಗಳು ಅಂಗಡಿಗಳ ಮೆಟ್ಟಿಲ ಮೇಲೆ ಮಷೀನು ಇಟ್ಟುಕೊಂಡು, ಅಂಗಡಿಯವನು "ಏಳು" ಅಂದರೆ ಎದ್ದು ಹೋಗುತ್ತಿದ್ದ ಕಾಲವೊಂದಿತ್ತು. ಆಗ ಸಂಘದ ಅಧ್ಯಕ್ಷರಾಗಿದ್ದ ಮಾಸ್ಟರು ನಗರಸಭೆಯವರ ಬೆನ್ನು ಬಿದ್ದು ಈ ಹಳೇ ಗೋದಾಮನ್ನು ಕೊಡಿಸಿದ್ದರು. ಆಫೀಸಿನ ಬೆಂಚು ಸವೆದದ್ದು ಇವರು ಕೂತೂ ಕೂತೂ ಅಂತ ಜನ ತಮಾಷೆ ಮಾಡುತ್ತಿದ್ದರು. ಗೋದಾಮು ಸಿಕ್ಕಾಗ ಒಳಗೆ ಇಲಿಗಳನ್ನು ಬಿಟ್ಟರೆ ಏನೂ ಇರಲಿಲ್ಲ. ಮಾಸ್ಟರು ತಮ್ಮ ಮನೆಯ ಕತ್ತರಿಸುವ ಮೇಜನ್ನೇ ಹೊರಿಸಿಕೊಂಡು ಬಂದು ತಮ್ಮ ನಡುಮನೆಯೇ ಅನ್ನುವ ಹಾಗೆ ಅಲ್ಲಿ ಹಾಕಿದ್ದರು. ಇವತ್ತಿಗೂ ಕತ್ತರಿ ಬಟ್ಟೆ ಕತ್ತರಿಸುವುದು ಆ ಮೇಜಿನ ಮೇಲೆಯೇ.

ಈಗಿನ ಅಧ್ಯಕ್ಷ ಆ ಮೇಜಿನ ಕೆಳಗೆ ಕೂತು ಗುಂಡಿ ಹೊಲಿಯುವುದರಿಂದ ಶುರು ಮಾಡಿದವನು. ಅದಕ್ಕೇ ಹಳಬರೆಲ್ಲ ಅವನನ್ನು ಬಟನ್ ಅನ್ನುವುದು.

"ಏನಯ್ಯಾ ಬಟನ್, ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರ್ಕೊಂಡಂಗೆ ಆಯ್ತಲ್ಲ ನಿನ್ನ ಕಾರ್ಯಕ್ರಮ. ಮಾಸ್ಟರ ಹೆಸರೆಲ್ಲಿ?" ಅಂದ ಕತ್ತರಿ.

ಬಟನ್‌ಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಕತ್ತರಿಗೆ ಹಗುರವಾಗುತ್ತಿತ್ತು. ಅವನು ಕುರ್ಚಿ ಎಳೆದು, "ಕೂತ್ಕೊ ಮಾರಾಯ" ಅಂದ. "ಅವ್ರ ಹೆಸರು ಹಾಕಿದ್ರೆ ಅವರಾದ್ಮೇಲೆ ಅಧ್ಯಕ್ಷರಾದೋರೆಲ್ಲ ನನ್ದೆಲ್ಲಿ ನನ್ದೆಲ್ಲಿ ಅಂತ ಬರ್ತಾರೆ. ಯಾರ್ಯಾರಿಗೆ ಅಂತ ಸಮಾಧಾನ ಹೇಳ್ಲಿ? ಒಂದು ಕೆಲಸ ಮಾಡು. ವಂದನಾರ್ಪಣೆ ನೀನೇ ಮಾಡು. ಅದ್ರಲ್ಲಿ ನಿಮ್ಮಾವನ್ನ ಎಷ್ಟು ಬೇಕಾದ್ರೂ ಹೊಗಳ್ಕೋ. ನಾನೇನು ಬೇಡ ಅಂತೀನಾ?"

ಕುಸ್ತಿಗೆ ಬಂದವನಿಗೆ ಕುಡಿಯಲು ನೀರು ಕೊಟ್ಟು ಕಳಿಸಿದ ಹಾಗಾಯಿತು.

ಕತ್ತರಿ ಮಾಡಿದ ತಪ್ಪು ಅದಾದ ಮೇಲಿನದು. ಮನೆಗೆ ಹೋದವನೇ ಮಾವನ ಕಿವಿಯ ಹತ್ತಿರ ಬಾಗಿ, "ಉದ್ಘಾಟನೆ ದಿನ ಎಲ್ಲರ ಮುಂದೆ ನಿಮ್ಮ ಹೆಸರು ಹೇಳ್ತೀನಿ ಮಾವ" ಎಂದು ಕೂಗಿಬಿಟ್ಟ. ಮಾಸ್ಟರಿಗೆ ಕಿವಿ ಮಂದವಾಗಿ ಕೆಲವು ವರ್ಷಗಳಾಗಿದ್ದವು. ಕಣ್ಣೂ ಅಷ್ಟಕ್ಕಷ್ಟೆ. ಆದರೆ ಈ ಮಾತು ಮಾತ್ರ ಮೊದಲನೇ ಸಲಕ್ಕೇ ಕೇಳಿಸಿತು.

"ಹಾಗಾದ್ರೆ ಕೋಟು ಬೇಕಲ್ಲೋ" ಅಂದರು.

"ಯಾಕ್ರೀ ಹೇಳೋಕೆ ಹೋದ್ರಿ?" ಎಂದು ಹೆಂಡತಿ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. "ಅವ್ರ ಪಾಡಿಗೆ ಅವ್ರು ಮರೆತು ಸುಮ್ನಿದ್ರು. ಇನ್ನು ಕಾಯೋಕೆ ಶುರು ಮಾಡ್ತಾರೆ."

ಅವಳು ಹೇಳಿದಂತೆಯೇ ಆಯಿತು. ಮಾಸ್ಟರು ಪೆಟ್ಟಿಗೆಯ ತಳದಲ್ಲಿದ್ದ ಬೂದು ಬಣ್ಣದ ಬಟ್ಟೆ ತೆಗೆದು ತಾವೇ ಕತ್ತರಿಸಿದರು. ಅಳಿಯ ಕೈ ಹಾಕಲು ಹೋದರೆ, "ಮುಟ್ಟಿದ್ರೆ ಬೆರಳು ಕತ್ತರಿಸ್ತೀನಿ" ಅಂದರು. ಸೂಜಿಗೆ ದಾರ ಪೋಣಿಸಲು ಮಾತ್ರ ಮಗಳು ಬೇಕಿತ್ತು. ಮಷೀನು ಹಾಕುವ ಮೊದಲು ಬಟ್ಟೆ ಸರಿಯದಿರಲಿ ಅಂತ ದರ್ಜಿಗಳು ಉದ್ದುದ್ದಕ್ಕೆ ಬಿಳಿ ದಾರದ ಕಚ್ಚಾ ಹೊಲಿಗೆ ಹಾಕುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ಕಿತ್ತು ಎಸೆಯುತ್ತಾರೆ. ಮಾಸ್ಟರು ಆ ಹೊಲಿಗೆಯನ್ನು ಕಣ್ಣಿನಿಂದಲ್ಲ, ಬೆರಳಿನಿಂದ ನೋಡಿ ನೋಡಿ ಹಾಕಿದರು.

ಉದ್ಘಾಟನೆಯ ದಿನ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆಯೇ ಸಂಘಕ್ಕೆ ಹೋಗಿದ್ದರು. ಅವಳು ಮೇಲೆ ಊಟ ಬಡಿಸುವವರ ಜೊತೆ, ಇವನು ಕೆಳಗೆ ಕುರ್ಚಿ ಹಾಕುವವರ ಜೊತೆ. ಮಾಸ್ಟರು ತಾವೇ ಬರುತ್ತೇನೆ ಅಂದಿದ್ದರು. ತಾವೇ ಬಂದರು ಕೂಡ.

ಬಾಗಿಲಲ್ಲಿ ಅವರನ್ನು ಕಂಡ ಕತ್ತರಿ ಎತ್ತಿದ ಕುರ್ಚಿ ಹಿಡಿದೇ ನಿಂತ. ಕೋಟಿನ ಅಳತೆ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಎರಡೂ ಭುಜಗಳ ಮೇಲೆ, ಎದೆಯ ಮೇಲೆ, ತೋಳಿನುದ್ದಕ್ಕೆ ಬಿಳಿ ಕಚ್ಚಾ ದಾರ ಹಾಗೆಯೇ ಇತ್ತು. ಕೀಳಲು ಮರೆತಿದ್ದರು. ಬೇರೆ ಎಲ್ಲಾದರೂ ಆಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಹೊಸ ಫ್ಯಾಶನ್ ಅಂದುಕೊಂಡು ಸುಮ್ಮನಾಗುತ್ತಿದ್ದರು. ಇಲ್ಲಿ ಕೂತವರೆಲ್ಲ ದರ್ಜಿಗಳು. ಸಾಲಿನಿಂದ ಸಾಲಿಗೆ ಕಿಸಿಕಿಸಿ ಹರಿದುಹೋಯಿತು. ಕತ್ತರಿ ಓಡಿಹೋಗಿ ಕೀಳಬೇಕು ಅನ್ನುವಷ್ಟರಲ್ಲಿ ಮಾಸ್ಟರು ಮೂರನೇ ಸಾಲಿನ ನಟ್ಟನಡುವೆ ಕೂತಾಗಿತ್ತು. ಇವನನ್ನು ವೇದಿಕೆಗೆ ಕರೆದಾಗಿತ್ತು.

ವೇದಿಕೆಯ ಮೇಜಿಗೆ ಜರತಾರಿ ಬಟ್ಟೆ ಹೊದಿಸಿದ್ದರು. ಅದರ ಕೆಳಗಿದ್ದದ್ದು ಮಾಸ್ಟರ ಮೇಜೇ. ಕಾಲಿನ ಮುರುಕು ತುದಿ ಕತ್ತರಿಗೆ ಕಾಣುತ್ತಿತ್ತು.

ಬಟನ್ ಆ ಮೇಜಿನ ಮೇಲೆ ಕೈಯೂರಿ ಮಾತಾಡಿದ. ಏನೂ ಇಲ್ಲದ ಕಡೆಯಿಂದ ಸಂಘವನ್ನು ಮೇಲೆ ತಂದೆ ಅಂದ, ರಾತ್ರಿ ನಿದ್ದೆ ಬಿಟ್ಟೆ ಅಂದ. ಗೋದಾಮು ತಾನಾಗಿ ನಡೆದು ಬಂದು ನಿಂತಿತ್ತು ಅನ್ನುವ ಹಾಗಿತ್ತು ಆ ಮಾತು. ನಡುವೆ ಅವನ ಕಣ್ಣು ಮೂರನೇ ಸಾಲಿಗೆ ಬಿತ್ತು.

"ನಮ್ಮ ಹಿರಿಯರೂ ಬಂದಿದಾರೆ" ಎಂದು ಕೈ ತೋರಿಸಿದ. "ಗಿರಾಕಿ ಟ್ರಯಲ್‌ಗೆ ಬಂದಂಗೆ ಬಂದಿದಾರೆ. ಕೋಟು ಇನ್ನೂ ಡೆಲಿವರಿ ಆದಂಗಿಲ್ಲ!"

ಸಭೆ ಘೊಳ್ಳೆಂದು ನಕ್ಕಿತು. ಏನೆಂದು ಕೇಳಿಸದ ಮಾಸ್ಟರು, ಎಲ್ಲರೂ ತಮ್ಮ ಕಡೆ ತಿರುಗಿದ್ದನ್ನು ನೋಡಿ, ಎದ್ದು ನಿಂತು ಕೈ ಮುಗಿದು, ತಾವೂ ನಕ್ಕರು.

ಕತ್ತರಿ ಕುರ್ಚಿಯ ತುದಿಗೆ ಸರಿದ. ಎದ್ದು ಹೋಗಿ ಬಟನ್‌ನ ಕೊರಳಪಟ್ಟಿ ಹಿಡಿಯಬಹುದಿತ್ತು. ಹಿಡಿದರೆ ವಂದನಾರ್ಪಣೆ ಕೈತಪ್ಪುತ್ತದೆ. ಹಲ್ಲು ಕಚ್ಚಿ ಕೂತ. ಮುಖ್ಯ ಅತಿಥಿ ಮಾತಾಡಿದ, ಮಾತಾಡಿದ, ಮಾತಾಡುತ್ತಲೇ ಇದ್ದ. ಮಹಡಿಯಿಂದ ಒಗ್ಗರಣೆಯ ವಾಸನೆ ಇಳಿಯಿತು.

ಕೊನೆಗೂ ಬಟನ್ ಮೈಕಿಗೆ ಬಂದ. "ಈಗ ವಂದನಾರ್ಪಣೆ. ಆಮೇಲೆ ಎಲ್ಲರೂ ಮೇಲೆ ಊಟ ಮಾಡ್ಕೊಂಡೇ ಹೋಗ್ಬೇಕು."

ಅಷ್ಟೇ ಸಾಕಾಯಿತು. ಕುರ್ಚಿಗಳು ಕಿರುಗುಟ್ಟಿದವು. ಬಟನ್ ಅತಿಥಿಯ ತೋಳು ಹಿಡಿದು ಮೊದಲು ಇಳಿದ. ಹಿಂದೆ ಜಾತ್ರೆಯೇ ಹೊರಟಿತು.

"ಎಲ್ಲರಿಗೂ ನಮಸ್ಕಾರ" ಅಂದ ಕತ್ತರಿ. ಮೈಕು ಗೊರ್ ಅಂದು ಸತ್ತಿತು. ನೋಡಿದರೆ ಮೈಕಿನವನು ವಯರು ಸುತ್ತುತ್ತಿದ್ದ.

"ಏಯ್, ನಾನಿನ್ನೂ ಮಾತಾಡ್ತಿದೀನಿ!"

"ಮೇಲೆ ಹಾಡು ಹಾಕ್ಬೇಕಂತೆ ಅಣ್ಣ. ಅಧ್ಯಕ್ಷರು ಹೇಳಿದಾರೆ. ನಿನ್ನ ಗಂಟಲಿಗೆ ಮೈಕ್ ಯಾಕೆ ಬಿಡು."

ಕತ್ತರಿ ಗಂಟಲು ಹರಿಯುವಂತೆ ಕೂಗಿದ. ಈ ಜಾಗ ಕೊಡಿಸಿದ್ದು ಹಳೇ ಮಾಸ್ಟರು ಅಂದ. ನೀವು ಕೂತು ಉಣ್ಣೋದು ಅವರ ನೆರಳಲ್ಲಿ ಅಂದ. ಜರತಾರಿ ಬಟ್ಟೆ ಎಳೆದು ಬಿಸಾಕಿ, "ಈ ಮೇಜು ಯಾರ್ದು ಗೊತ್ತೇನ್ರೋ?" ಅಂದ. ಬಾಗಿಲ ಹತ್ತಿರ ಗುಂಪಿನಲ್ಲಿ ಸಿಕ್ಕಿಕೊಂಡಿದ್ದ ಒಬ್ಬ ತಿರುಗಿ, "ಗೊತ್ತು ಕಣೋ, ಯಾರಿಲ್ಲ ಅಂದ್ರು? ಊಟ ಆರೋಗತ್ತೆ, ಬಾರೋ" ಅಂದು ಮೆಟ್ಟಿಲು ಹತ್ತಿದ.

ಎಲ್ಲರಿಗೂ ಗೊತ್ತಿತ್ತು. ಯಾರೂ ಇಲ್ಲ ಅನ್ನಲಿಲ್ಲ. ಕತ್ತರಿ ಯಾರ ಮೇಲೆ ಹಾಯಬೇಕು?

ಖಾಲಿ ಕುರ್ಚಿಗಳ ನಡುವೆ ಮಾಸ್ಟರು ಒಬ್ಬರೇ ಕೂತಿದ್ದರು, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು. ಕತ್ತರಿ ಇಳಿದು ಅವರ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಎಲ್ಲಿ ಹೋದ್ರೋ ಎಲ್ಲ?"

"ಊಟಕ್ಕೆ, ಮಾವ" ಎಂದು ಕತ್ತರಿ ಅವರ ಕಿವಿಯ ಹತ್ತಿರ ಕೂಗಿದ.

"ಹೋಗ್ಲಿ ಪಾಪ, ಹಸಿದಿರ್ತಾರೆ. ಬಂದ್ಮೇಲೆ ಶುರು ಮಾಡು. ಖಾಲಿ ಕುರ್ಚಿಗೆ ಹೇಳೋ ಮಾತಾ ಅದು?"

ಕೋಟಿನ ಅಂಚು ಸವರುತ್ತಿದ್ದ ಅವರ ಬೆರಳು ಎದೆಯ ಹತ್ತಿರ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಸವರಿತು.

"ಅಯ್ಯೋ, ಕಚ್ಚಾ ದಾರ ಬಿಟ್ಟಿದೀನಲ್ಲೋ! ಯಾರಾದ್ರೂ ನೋಡಿದ್ರಾ?"

ಇದ್ದದ್ದನ್ನು ಇದ್ದಂತೆ ಹೇಳಿ ಊರನ್ನೆಲ್ಲ ಎದುರು ಹಾಕಿಕೊಂಡ ಬಾಯಿ ಕತ್ತರಿಯದು. "ಯಾರೂ ನೋಡಿಲ್ಲ ಮಾವ" ಅಂದಿತು. ಅವನು ಭುಜದ ಹತ್ತಿರ ದಾರದ ತುದಿ ಹುಡುಕಿ ಎಳೆಯತೊಡಗಿದ. ಅದು ಒಂದೇ ಎಳೆಯಾಗಿ ಸಲೀಸಾಗಿ ಬಂತು.

"ರೀ, ಅಪ್ಪನ್ನ ಕರ್ಕೊಂಡು ಬನ್ನಿ" ಎಂದು ಹೆಂಡತಿ ಮೆಟ್ಟಿಲ ಮೇಲಿಂದ ಕೂಗಿದಳು. ಊಟ ಮುಗಿಸಿದವರು ಹೊರಗಿನ ಮೆಟ್ಟಿಲಿಂದ ಇಳಿದು, ಕೈ ಒರೆಸುತ್ತ ಹಾಗೇ ಮನೆ ಕಡೆ ಹೋಗುತ್ತಿದ್ದುದು ಕಿಟಕಿಯಲ್ಲಿ ಕಾಣುತ್ತಿತ್ತು. ಮಾಸ್ಟರ ಕಣ್ಣು ಅಷ್ಟು ದೂರ ಹೋಗುತ್ತಿರಲಿಲ್ಲ.

ಬಾಡಿಗೆಯವರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತ ಮೂರನೇ ಸಾಲಿಗೆ ಬಂದರು.

"ಅಜ್ಜಾ, ಸ್ವಲ್ಪ ಏಳ್ತೀರಾ? ಕುರ್ಚಿ ತಗೋಬೇಕು" ಎಂದು ಒಬ್ಬ ಗಟ್ಟಿಯಾಗಿ ಹೇಳಿ ಕುರ್ಚಿಯ ಬೆನ್ನು ತಟ್ಟಿದ.

"ಸಭೆ ಮುಗಿದಿಲ್ಲಪ್ಪ" ಅಂದರು ಮಾಸ್ಟರು.

ಬಾಡಿಗೆಯವರು ಕತ್ತರಿಯ ಮುಖ ನೋಡಿದರು. ಕತ್ತರಿ ಕಚ್ಚಾ ದಾರವನ್ನು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡ. ಪಕ್ಕದ ಕುರ್ಚಿಯನ್ನು ಎಳೆದು, ಅದನ್ನೂ ಕೊಡುವುದಿಲ್ಲ ಅನ್ನುವಂತೆ, ಮಾವನ ಜೊತೆ ಕೂತ.