ಇಲ್ಲದ ಕಾರಂಜಿಯನ್ನು ಬಳಸಿ ನಡೆದವರು

ಪುರಯೋಜನಾ ಕಚೇರಿಯ ಮುಂದೆ ಒಂದು ಬಯಲಿದೆ. ಬಸ್ಸು ಹಿಡಿಯುವವರೆಲ್ಲ ಅದನ್ನು ಅಡ್ಡಹಾಯ್ದೇ ಹೋಗಬೇಕು. ನಡೆದೂ ನಡೆದೂ ಮಣ್ಣಿನಲ್ಲಿ ಕಾಲುದಾರಿ ಬಿದ್ದಿದೆ, ಎಳೆದು ಕಟ್ಟಿದ ದಾರದ ಹಾಗೆ ನೆಟ್ಟಗೆ. ಆದರೆ ಕಚೇರಿ ಬಿಟ್ಟ ಹೊತ್ತಿಗೆ ಮೇಯರ್ರು ಆ ದಾರಿಯಲ್ಲಿ ಬರುವುದನ್ನು ನೋಡಬೇಕಿತ್ತು. ಬಯಲಿನ ನಟ್ಟನಡುವೆ, ಅಲ್ಲಿ ಹೊಂಡವಿಲ್ಲ, ಕಲ್ಲಿಲ್ಲ, ಬಿಸಿಲು ಕಾಯಿಸುತ್ತ ಮಲಗಿದ ನಾಯಿಯೂ ಇಲ್ಲ, ಅವರು ಇದ್ದಕ್ಕಿದ್ದ ಹಾಗೆ ಎಡಕ್ಕೆ ಹೊರಳಿ, ನೀಲಿ ಕೋಟಿನ ಅಂಚನ್ನು ನೀರು ಸಿಡಿದೀತೇನೋ ಎಂಬಂತೆ ಎತ್ತಿ ಹಿಡಿದು, ದೊಡ್ಡದೊಂದು ಅರ್ಧವೃತ್ತ ಬಳಸಿ ಮತ್ತೆ ದಾರಿಗೆ ಬಂದು ಸೇರುತ್ತಿದ್ದರು. ಹಿಂದೆ ಬರುವ ಹೊಸಬರು ಅಲ್ಲೇನೋ ಇರಬೇಕೆಂದು ತಾವೂ ಬಳಸುತ್ತಿದ್ದರು. ಹೀಗಾಗಿ ಆ ನೆಟ್ಟನೆಯ ದಾರಿಗೆ ಆ ಒಂದು ಜಾಗದಲ್ಲಿ ಮಾತ್ರ ಹೊಟ್ಟೆ ಬಂದಿತ್ತು.

ಅಲ್ಲಿ ಕಾರಂಜಿ ಇರಬೇಕಾಗಿತ್ತು. ಕಟ್ಟಬೇಕೆಂದಿದ್ದ ಹೊಸ ಊರಿನ ನಕ್ಷೆಯಲ್ಲಿ ಇತ್ತು, ಮೇಯರ್ರ ಕೈಯಿಂದಲೇ ಆದ ಮಾದರಿಯಲ್ಲಿ ಇತ್ತು. ನೆಲದ ಮೇಲೆ ಮಾತ್ರ ಇರಲಿಲ್ಲ.

ಮೇಯರ್ ಎಂದರೆ ಓಟು ಪಡೆದ ಮೇಯರ್ ಅಲ್ಲ. ಅವರು ಆ ಕಚೇರಿಯ ಮಾದರಿ ಮಾಡುವವರು. ರಟ್ಟು, ತೆಳ್ಳನೆಯ ಮರ, ಗೋಂದು, ಹಸಿರು ಬಣ್ಣದಲ್ಲಿ ಅದ್ದಿದ ಸ್ಪಂಜು ಇಷ್ಟರಿಂದ ಇಡೀ ಒಂದು ಊರನ್ನು ಮೇಲ್ಮಹಡಿಯ ಸಭಾಂಗಣದಲ್ಲಿ ಕಟ್ಟಿ, ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಕೆರೆಯ ಏರಿಯ ಪಕ್ಕದಲ್ಲಿ ಬಿಳಿಯ ಮನೆಗಳ ಸಾಲು, ತಾರಸಿಗಳ ಮೇಲೆ ತೋಟ, ತಲೆಯ ಮೇಲೆ ಹಾದುಹೋಗುವ ರೈಲು. ಅದನ್ನು ಅವರು ನೋಡಿಕೊಳ್ಳುತ್ತಿದ್ದ ಪರಿಗೆ ಕಚೇರಿಯವರೇ ಈ ಪದವಿ ಕೊಟ್ಟಿದ್ದರು.

"ಮೇಯರ್ ಸಾಹೇಬ್ರೇ, ನಿಮ್ಮೂರಲ್ಲಿ ನಲ್ಲೀಲಿ ನೀರು ಬಂತಾ?" ಎಂದು ಅಟೆಂಡರ್ ಬಾಗಿಲಲ್ಲೇ ಕೆಣಕುತ್ತಿದ್ದ.

"ನಮ್ಮೂರಲ್ಲಿ ನೀರು ನಿಂತಿದ್ದೇ ಇಲ್ಲ ಕಣೋ. ನಿಮ್ಮೂರ ಕಥೆ ಹೇಳು."

"ನಮ್ಮೂರಲ್ಲಿ ನಲ್ಲಿ ಕಳಚ್ಕೊಂಡು ಹೋಗಿದಾರೆ."

"ಅದಕ್ಕೇ ಹೇಳೋದು, ಬೇಗ ಬಂದು ನಮ್ಮೂರು ಸೇರ್ಕೋ ಅಂತ. ಇನ್ನೇನು, ಆಗೇ ಹೋಯ್ತು."

'ಇನ್ನೇನು' ಎಂಬುದು ಅವರ ಮಾತಿನ ಊರುಗೋಲು. ಅದಿಲ್ಲದೆ ಅವರ ಯಾವ ವಾಕ್ಯವೂ ಎದ್ದು ನಿಲ್ಲುತ್ತಿರಲಿಲ್ಲ. ಕೋಟಿನ ಜೇಬಿನಲ್ಲಿ ಬೆರಳುಗುರಿನಷ್ಟು ಎತ್ತರದ ಮನುಷ್ಯರು, ಮರಗಳು ಸದಾ ಇರುತ್ತಿದ್ದವು. ಬಸ್ಸಿನಲ್ಲಿ ಚಿಲ್ಲರೆಗೆಂದು ಕೈ ಹಾಕಿದರೆ ಒಂದು ಮರ ಹೊರಗೆ ಬರುತ್ತಿತ್ತು. ಧೂಳು ಕಂಡರೆ ಅವರಿಗೆ ಮೈ ಉರಿ. ಸೈಕಲ್ ಪಂಪಿನಿಂದ ಮಾದರಿಯ ಬೀದಿಬೀದಿಗೂ ಗಾಳಿ ಹೊಡೆಯುವರು, ಗೋಡೆ ಹಳದಿಗಟ್ಟಿದರೆ ಹೊಸದಾಗಿ ಬಿಳಿ ಬಳಿಯುವರು. ಎಲ್ಲಕ್ಕಿಂತ ದೊಡ್ಡ ಹಟ ಕಾರುಗಳದು. ಹೊರಗೆ ರಸ್ತೆಯಲ್ಲಿ ಕಾರಿನ ಆಕಾರ ಬದಲಾದಾಗಲೆಲ್ಲ ಒಳಗೆ ಮಾದರಿಯ ಬೀದಿಗಳಲ್ಲೂ ಹಳೆಯದನ್ನು ತೆಗೆದು ಹೊಸದನ್ನು ಇಡುತ್ತಿದ್ದರು, ಹಳೆಯವನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದರು. ನಾಳೆ ಬರುವ ಊರಿನಲ್ಲಿ ನಿನ್ನೆಯ ಕಾರು ಓಡಿದರೆ ಮರ್ಯಾದೆಯೇ ಎಂಬುದು ಅವರ ಪ್ರಶ್ನೆ.

ಆ ಊರು ಯಾಕೆ ಬರಲಿಲ್ಲ ಎಂದು ಕೇಳಿದರೆ ಉತ್ತರ ಹೇಳುವವರಿಲ್ಲ. ಆಳುವವರು ಬದಲಾದರು, ಅಧಿಕಾರಿಗಳು ವರ್ಗವಾದರು, ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತ ಹೋಗುತ್ತ ಎಲ್ಲೋ ಕಣ್ಣು ಮುಚ್ಚಿತು. ಬೇಡ ಎಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆ ಒಂದು ಮಾತು ಹೇಳದೆ ಉಳಿದದ್ದರಿಂದಲೇ ಮೇಯರ್ರ ಬಾಳು ಆ ಗಾಜಿನ ಪೆಟ್ಟಿಗೆಗೆ ಅಂಟಿಕೊಂಡಿತು.

ಅವರೊಬ್ಬರದೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಹೊಸ ಊರಿನ ಮೊದಲ ಮನೆಗಳು ಕಚೇರಿಯವರಿಗೇ ಎಂಬ ಮಾತಿದ್ದದ್ದರಿಂದ, ಮದುವೆಯಾದ ಹೊಸದರಲ್ಲೇ ಹೆಂಡತಿಯನ್ನು ಕರೆತಂದು ಗಾಜಿನ ಮೇಲೆ ಬಗ್ಗಿಸಿ ತೋರಿಸಿದ್ದರು. "ಇದೇ ನೋಡು, ಏರಿ ಪಕ್ಕ, ಮೇಲಿನ ಮಹಡಿ. ಆ ಕಿಟಕಿ ಇದೆಯಲ್ಲ, ಅದು ಅಡುಗೆಮನೇದು. ಬೆಳಿಗ್ಗೆ ಬಿಸಿಲು ಸೀದಾ ಒಳಗೇ ಬರುತ್ತೆ."

"ಅಯ್ಯೋ, ಅಷ್ಟಗಲಾನಾ ರೀ? ಪರದೆಗೆ ಎಷ್ಟು ಬಟ್ಟೆ ಬೇಕು!"

ಆಕೆ ಹೊಲಿಗೆ ಕಲಿತವಳು, ಬಟ್ಟೆಯ ಯೋಚನೆಯೇ ಮೊದಲು ಬಂತು. ಅವರು ಅಕ್ಕಿಕಾಳಿನಷ್ಟು ಕಿಟಕಿಗೆ ಅಳತೆಪಟ್ಟಿ ಹಿಡಿದು, ಒಂದು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಗುಣಿಸಿ ನಿಜವಾದ ಅಳತೆ ಹೇಳಿದರು. ಆಕೆ ತಿಳಿಹಳದಿ ಬಟ್ಟೆ ತಂದು, ಅಂಚಿಗೆ ಎಲೆಯ ಕಸೂತಿ ಹಾಕಿ, ಪರದೆ ಹೊಲಿದು ಟ್ರಂಕಿನಲ್ಲಿ ಇಟ್ಟಳು. ಮುಗ್ಗಲು ಹಿಡಿಯದಿರಲೆಂದು ಆಗಾಗ ಹರವಿ ಮತ್ತೆ ಮಡಿಸಿಡುವಳು. ಅವರಿದ್ದ ಬಾಡಿಗೆಯ ಎರಡು ಕೋಣೆ ಟೈರು ಅಂಗಡಿಯ ಹಿಂಬದಿಗಿತ್ತು. ಅಲ್ಲಿನ ಒಂದೇ ಕಿಟಕಿಗೆ ಎದುರುಮನೆಯ ಗೋಡೆ ಎಷ್ಟು ಹತ್ತಿರವೆಂದರೆ, ಕೈ ಚಾಚಿ ಅದಕ್ಕೇ ಬೆಂಕಿಕಡ್ಡಿ ಗೀರಬಹುದಿತ್ತು. ನಡುಹಗಲಲ್ಲೂ ದೀಪ ಹಾಕಿಕೊಂಡೇ ಆಕೆ ಸೂಜಿಗೆ ದಾರ ಪೋಣಿಸಬೇಕು.

ಆಕೆಯ ಅಣ್ಣ ಜೋಡಿಮನೆ ಕಟ್ಟಿಸಿದಾಗ ತಾನಾಗಿ ಬಂದು ಕೂತ. "ಭಾವ, ಪಕ್ಕದ್ದು ನಿಮಗೇ ಅಂತ ಇಟ್ಟಿದೀನಿ. ಸುಮ್ನೆ ಬಂದು ಇರಿ. ನಮ್ಮ ಹುಡುಗಿ ಕಣ್ಣೆದುರಿಗೆ ಇದ್ದ ಹಾಗಾಗುತ್ತೆ."

"ಇನ್ನೇನು ಭಾವ, ನಮ್ಮದು ಬಂದೇ ಬಿಡ್ತು. ಎರಡೆರಡು ಸಲ ಸಾಮಾನು ಯಾಕೆ ಹೊರೋದು?"

ಆಕೆ ಒಳಗೆ ಲೋಟ ತೊಳೆಯುತ್ತಿದ್ದಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಆ ಮನೆಗೆ ಬೇರೆ ಯಾರೋ ಬಂದರು. ಅಂದಿನಿಂದ ಆಕೆ ಅಣ್ಣನ ಬೀದಿಗೆ ಹೋಗುವುದನ್ನು ಕಡಿಮೆ ಮಾಡಿದಳು.

ಮೇಯರ್ರ ನಿವೃತ್ತಿ ಹತ್ತಿರವಾದಾಗ ಕಲಾಶಾಲೆಯಿಂದ ಒಬ್ಬಳು ಯುವತಿ ಬಂದಳು. ಪ್ರದರ್ಶನಗಳನ್ನು ಏರ್ಪಡಿಸುವುದು ಅವಳ ಕೆಲಸ. ಮಾದರಿಯನ್ನು ಕಂಡವಳೇ ಕೈಜೋಡಿಸಿ ನಿಂತುಬಿಟ್ಟಳು. "ಸರ್, ಇದು ಹಾಂಟಾಲಜಿ ಸರ್, ಪೂರ್ತಿ ಹಾಂಟಾಲಜಿ!"

"ಯಾವ ಕಾಯಿಲೇಮ್ಮ ಅದು? ಅಂಟೋದಾ?"

ಅವಳು ನಕ್ಕು, ಕೂತು, ತಾಳ್ಮೆಯಿಂದ ಹೇಳಿದಳು. ಸತ್ತವರು ಮಾತ್ರ ದೆವ್ವವಾಗುವುದಿಲ್ಲವಂತೆ. ಬರುತ್ತೇನೆಂದು ಮಾತು ಕೊಟ್ಟು ಬಾರದೆ ಹೋದ ನಾಳೆಗಳೂ ನಮ್ಮ ನಡುವೆ ಸುಳಿಯುತ್ತಿರುತ್ತವಂತೆ. ಇಲ್ಲದ್ದು ಇರುವುದನ್ನು ಹೇಗೆ ಆಳುತ್ತದೆ ಎಂದು ನೋಡುವ ವಿದ್ಯೆಗೆ ಆ ಹೆಸರು. "ಸುತ್ತ ನೋಡಿ ಸರ್. ಹೊಸ ಹಾಡಿಗೆ ಬೇಕು ಅಂತಲೇ ಹಳೇ ಗ್ರಾಮಫೋನ್ ತಟ್ಟೆ ಗೀರಿದ ಸದ್ದು ಸೇರಿಸ್ತಾರೆ. ಇವತ್ತು ತೆಗೆದ ಫೋಟೋಗೆ ಹಳದಿ ಬಣ್ಣ ಬಳೀತಾರೆ. ಮೊನ್ನೆ ತೆರೆದ ಹೋಟೆಲ್ ಬೋರ್ಡಿಗೆ ತುಕ್ಕು ಪೇಂಟ್ ಮಾಡ್ತಾರೆ. ಮುಂದೇನು ಬರುತ್ತೆ ಅನ್ನೋ ನಂಬಿಕೆ ಹೋಗಿದೆ. ಅದಕ್ಕೇ ಹಿಂದಿನವರು ಕಂಡ ಕನಸಿನ ಸುತ್ತಾನೇ ಸುತ್ತುತಾ ಇದೀವಿ."

"ಹಂಗಾದ್ರೆ ಇದು ದೆವ್ವ ಬಿಡಿಸೋ ವಿದ್ಯೆ."

"ಬಿಡಿಸೋದಲ್ಲ ಸರ್. ಇದೆ ಅಂತ ಒಪ್ಕೊಳ್ಳೋದು."

ಊರೇ ನೋಡಲು ಬರುತ್ತದೆಂದು ಮೇಯರ್ರಿಗೆ ಹಿಗ್ಗು. ಹೊಸ ಬಿಳಿಬಣ್ಣದ ಡಬ್ಬಿ ತಂದರು, ಪಂಪು ತಂದರು. ಅವಳು ಕೈ ಅಡ್ಡ ಹಿಡಿದಳು. "ಬೇಡ ಸರ್, ಧೂಳು ಇರ್ಲಿ. ಬಣ್ಣ ಚಕ್ಕೆ ಎದ್ದಿದ್ರೆ ಇನ್ನೂ ಚೆಂದ. ಈ ಕಾರುಗಳು ಮಾತ್ರ ಹೊಂದ್ತಾ ಇಲ್ಲ, ತೀರಾ ಹೊಸವು. ಆಗಿನವು ಇಲ್ವಾ?"

ಬಿಸ್ಕತ್ತಿನ ಡಬ್ಬಿ ಹೊರಗೆ ಬಂತು. ಅವಳಿಗೆ ನಿಧಿ ಸಿಕ್ಕಷ್ಟು ಸಂತೋಷ. ಬೇರೆಯವರ ಕೈ ತಾಗಿದರೆ ಮುರಿದಾವೆಂದು ಮೇಯರ್ರೇ ಚಿಮಟ ಹಿಡಿದು, ಹೊಸ ಕಾರುಗಳನ್ನು ಒಂದೊಂದಾಗಿ ಕಿತ್ತು, ಹಳೆಯವನ್ನು ಅದೇ ಜಾಗಕ್ಕೆ ಅಂಟಿಸಿದರು. ಕೊನೆಯ ಕಾರು ಇಟ್ಟು ತಲೆ ಎತ್ತಿ ನೋಡಿದರು. ಇಷ್ಟು ಕಾಲ ಮುಂದಿದ್ದ ಊರು, ತಮ್ಮ ಕೈಯಿಂದಲೇ, ಹಿಂದಕ್ಕೆ ಹೋಗಿಬಿಟ್ಟಿತ್ತು.

ಪ್ರದರ್ಶನಕ್ಕೆ ಹೆಂಡತಿಯನ್ನು ಕರೆದುಕೊಂಡು ಹೋದರು. ಮಂದ ಬೆಳಕು, ಎಲ್ಲೋ ಮೂಲೆಯಿಂದ ಹಳೆಯ ರೇಡಿಯೋದ ಗರಗರ. ಹುಡುಗರು ಗಾಜಿಗೆ ಹಣೆ ಹಚ್ಚಿ "ಎಷ್ಟು ಚೆನ್ನಾಗಿದೆಯೋ, ಪಾಪ" ಎನ್ನುತ್ತಿದ್ದರು. ಆಕೆ ಯಾರನ್ನೂ ಕೇಳದೆ ನೇರವಾಗಿ ಏರಿಯ ಬದಿಗೆ ಹೋಗಿ ತನ್ನ ಕಿಟಕಿಯನ್ನು ಹುಡುಕಿಕೊಂಡಳು. ಆಮೇಲೆ ಪಕ್ಕದ ಫಲಕದ ಕಡೆ ತಿರುಗಿ, ಕನ್ನಡಕ ಸರಿಮಾಡಿಕೊಂಡು, ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು: "ಎಂದೂ... ಕಟ್ಟದ... ನಗರ."

ಯಾವ ಅಧಿಕಾರಿಯೂ ಹೇಳದೆ ಉಳಿಸಿದ್ದ ಮಾತು ಹೆಂಡತಿಯ ಬಾಯಿಂದ ಬಂದಿತ್ತು. ಮೇಯರ್ರು ಬಾಯಿ ತೆರೆದರು. ಆಡಿ ಆಡಿ ಸವೆದಿದ್ದ ಆ 'ಇನ್ನೇನು' ನಾಲಿಗೆಯವರೆಗೆ ಬಂದು ಅಲ್ಲೇ ನಿಂತಿತು.

"ನಡೀರಿ, ಮನೆಗೆ ಹೋಗೋಣ," ಎಂದಳು ಆಕೆ. "ಮನೇಲಿ ಕೆಲಸ ಇದೆ."

ಕೆಲಸವೆಂದರೆ ಟ್ರಂಕು ತೆರೆಯುವುದು. ತಿಳಿಹಳದಿ ಪರದೆ ಚಾಪೆಯ ಮೇಲೆ ಹರಡಿತು. ಎಲೆಯ ಕಸೂತಿಯ ಬಣ್ಣ ಒಂಚೂರೂ ಮಾಸಿರಲಿಲ್ಲ, ಬಿಸಿಲು ಕಂಡಿದ್ದರೆ ತಾನೆ? ಆಕೆ ಬಾಡಿಗೆಮನೆಯ ಆ ಸಣ್ಣ ಕಿಟಕಿಯನ್ನು ಗೇಣಿನಿಂದ ಅಳೆದು ಕತ್ತರಿ ತೆಗೆದುಕೊಂಡಳು.

"ಅಣ್ಣನ ಮನೆ ಬೇಡ ಅಂದದ್ದು ತಪ್ಪಾಯ್ತು ಕಣೇ," ಎಂದರು ಅವರು.

"ಆ ತುದಿ ಬಿಗಿಯಾಗಿ ಹಿಡ್ಕೊಳ್ಳಿ. ಸೊಟ್ಟ ಹೋಗುತ್ತೆ."

ಅವರು ಹಿಡಿದುಕೊಂಡರು. ಕತ್ತರಿ ಎಲೆಗಳ ನಡುವೆ ಹಾದುಹೋಯಿತು. ಕಿಟಕಿಗೆ ಬೇಕಾದದ್ದು ಸ್ವಲ್ಪ, ಉಳಿದದ್ದೇ ಹೆಚ್ಚು. ಉಳಿದದ್ದನ್ನು ಆಕೆ ಮಡಿಸಿ, ಮತ್ತೆ ಟ್ರಂಕಿಗೇ ಹಾಕಿದಳು.

ಮರುದಿನದಿಂದ ಮೇಯರ್ರು ಬಯಲಿನಲ್ಲಿ ನೆಟ್ಟಗೆ ನಡೆದರು, ಕೋಟಿನ ಅಂಚು ಎತ್ತಲಿಲ್ಲ. ಕಾರಂಜಿಯ ಜಾಗದಲ್ಲಿ ಕಾಲಿಡುವಾಗ ಮಾತ್ರ, ಮಲಗಿದವರನ್ನು ದಾಟುವ ಹಾಗೆ, ಹೆಜ್ಜೆ ಹಗುರವಾಗುತ್ತಿತ್ತು. ಈಗ ನಿವೃತ್ತರಾಗಿ ಆ ಕಡೆ ಬರುವುದನ್ನೇ ಬಿಟ್ಟಿದ್ದಾರೆ. ಆದರೆ ಕಾಲುದಾರಿಯ ಹೊಟ್ಟೆ ಕರಗಿಲ್ಲ. ಕಾರಂಜಿಯ ಸುದ್ದಿಯನ್ನೇ ಕೇಳದವರು, ಮೇಯರ್ರ ಮುಖವನ್ನೇ ಕಾಣದವರು, ಬಸ್ಸಿಗೆ ತಡವಾಗಿ ಓಡುವವರು ಕೂಡ, ಅಲ್ಲಿ ಎಡಕ್ಕೆ ಹೊರಳಿ, ಅರ್ಧವೃತ್ತ ಬಳಸಿಯೇ ಹೋಗುತ್ತಾರೆ. ಓದಿದವರು ಅದಕ್ಕೆ ಇಟ್ಟ ಹೆಸರು ನನ್ನ ಬಾಯಲ್ಲಿ ಸರಿಯಾಗಿ ಹೊರಳುವುದಿಲ್ಲ. ನನಗೆ ತಿಳಿದದ್ದು ಇಷ್ಟು: ಇದ್ದು ಹೋದವರಿಗಾಗಿ ಅತ್ತು ಒಂದು ದಿನ ಮುಗಿಸಬಹುದು, ಬಾರದೆ ಹೋದದ್ದಕ್ಕೆ ಅಳುವುದನ್ನು ಎಲ್ಲಿಂದ ಶುರುಮಾಡಬೇಕೆಂದೇ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಮೇಯರ್ರಂಥವರು ಅಳುವುದಿಲ್ಲ, ಸುಮ್ಮನೆ ಸುತ್ತುಹಾಕಿ ನಡೆಯುತ್ತಾರೆ. ಅವರ ಹಿಂದೆ, ಯಾತಕ್ಕೆಂದು ಕೇಳದೆ, ನಾವೆಲ್ಲ ನಡೆಯುತ್ತೇವೆ.