ಮೊದಲು ಹತ್ತುವವರು

ಆರನೇ ಮಹಡಿಯ ಪರದೆಯಕ್ಕನ ಮೊಣಕಾಲು ಕೈಕೊಟ್ಟು ಮೂರು ವರ್ಷವಾಗಿತ್ತು. ಕಂಡವರ ಮನೆ ಕಿಟಕಿಗಳಿಗೆ ಪರದೆ ಹೊಲಿಯುತ್ತ, ಮಿಶಿನ್ ತುಳಿದು ತುಳಿದು ಸವೆದ ಮೊಣಕಾಲು ಅದು. ಲಿಫ್ಟ್ ಕೆಟ್ಟರೆ ಕಟ್ಟಡದ ಉಳಿದವರಿಗೆ ಗೊಣಗಾಟ, ಅವಳಿಗೆ ಮಾತ್ರ ಸೆರೆಮನೆ. ಹಾಗಿರುವಾಗ ಲಿಫ್ಟ್ ನೋಡಿಕೊಳ್ಳುವ ಗುತ್ತಿಗೆ ತನ್ನಿಂದ ಬೇರೆಯಾದ ಗಂಡನಿಗೇ, ಆ ಲಿಫ್ಟ್ ಮೇಸ್ತ್ರಿಗೇ ಸಿಕ್ಕಿದೆ ಎಂದು ತಿಳಿದ ದಿನ ಅವಳು ಕೆಳಗಿಟ್ಟ ಕತ್ತರಿಯನ್ನು ಸಂಜೆಯವರೆಗೆ ಎತ್ತಲಿಲ್ಲ.

ಬೇರೆಯಾಗುವಾಗ ಒಪ್ಪಂದದ ಕಾಗದ ಬರೆಸಿದವಳು ಅವಳೇ. ಮೇಸ್ತ್ರಿಯ ಬಾಯಿ ಅವಳಿಗೆ ಗೊತ್ತಿಲ್ಲದ್ದೇ? ಇವತ್ತು ಕಾಲ ಸರಿಯಿಲ್ಲ ಅನ್ನುತ್ತಾನೆ, ನಾಳೆ ಕೈ ಖಾಲಿ ಅನ್ನುತ್ತಾನೆ. ಅದಕ್ಕೇ ವಕೀಲರ ಮುಂದೆ ಪಟ್ಟು ಹಿಡಿದಳು. ತಿಂಗಳ ಜೀವನಾಂಶ ಇಷ್ಟೇ, ಏರಿಸುವಂತಿಲ್ಲ, ಇಳಿಸುವಂತಿಲ್ಲ, ಅವನ ಕೆಲಸ ಹೋದರೂ ಸರಿ, ಅವಳು ಬದುಕಿರುವವರೆಗೆ ನಿಲ್ಲಿಸುವಂತಿಲ್ಲ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಅವಳ ಅಣ್ಣ ಬೆನ್ನು ತಟ್ಟಿದ್ದ. ಯಾವ ಹಾವು ಸತ್ತಿತ್ತೋ ಆ ಮಹಾಶಯನನ್ನೇ ಕೇಳಬೇಕು.

ಎರಡು ವರ್ಷದಲ್ಲಿ ಮೇಸ್ತ್ರಿ ಕೆಲಸಕ್ಕಿದ್ದ ಕಂಪನಿ ಮುಚ್ಚಿತು. ಅರ್ಧಕ್ಕಾದರೂ ಇಳಿಸು ಎಂದು ಅವನು ಬಾಗಿಲಿಗೆ ಬಂದು ನಿಂತಾಗ ಅವಳು ಒಳಗೆ ಕರೆಯಲಿಲ್ಲ, ಒಂದು ಲೋಟ ನೀರೂ ಕೊಡಲಿಲ್ಲ. ಸಹಿ ಮಾಡಿದ್ದು ಮಾಡಿದ್ದೇ ಎಂದಳು. ಹೇಳುವಾಗ ಹಿತವಾಗಿಯೇ ಇತ್ತು, ಸುಳ್ಳು ಯಾಕೆ. ಆಮೇಲೆ ಒಂದು ದಿನ ವಕೀಲರು ಯಾವುದೋ ಕಾಗದದ ವಿಷಯಕ್ಕೆ ಫೋನ್ ಮಾಡಿದವರು ನಗುನಗುತ್ತ ಹೇಳಿದರು:

"ನಿಮ್ಮ ಯಜಮಾನ್ರು ಬಂದಿದ್ರಮ್ಮ. ಈ ಜೀವನಾಂಶ ನಿಲ್ಲೋದು ಯಾವಾಗ ಅಂತ ಕೇಳಿದ್ರು. 'ಬದುಕಿರುವವರೆಗೆ' ಅನ್ನೋ ಸಾಲನ್ನ ಎರಡು ಸಲ ಓದಿಸ್ಕೊಂಡ್ರು."

ಅವಳಿಗೆ ನಗು ಬರಲಿಲ್ಲ. ಅಂದಿನಿಂದ ಮೇಸ್ತ್ರಿ ಮೆತ್ತಗಾಗಿದ್ದ. ಈ ಕಟ್ಟಡದ ಗುತ್ತಿಗೆ ಹಿಡಿದ ಮೇಲಂತೂ ಎದುರಾದರೆ ಮೊಣಕಾಲು ಹೇಗಿದೆ ಎಂದು ವಿಚಾರಿಸುತ್ತಿದ್ದ. ಹನ್ನೊಂದು ವರ್ಷದ ಸಂಸಾರದಲ್ಲಿ ಅವನು ಅವಳ ಜ್ವರವನ್ನೂ ವಿಚಾರಿಸಿದವನಲ್ಲ.

ಈ ವಾರ ಲಿಫ್ಟ್ ಮೂರು ದಿನ ನಿಂತಿತು. ಬಾಗಿಲಿಗೆ 'ಕೆಲಸ ನಡೆಯುತ್ತಿದೆ' ಎಂಬ ಬೋರ್ಡು ಬಿತ್ತು. ಗೋಡೆಯ ಆಚೆ ಕಬ್ಬಿಣ ಉಜ್ಜುವ ಸದ್ದು ಕೇಳುತ್ತ ಅವಳು ಮೂರು ದಿನ ಒಂದೇ ಪರದೆಯ ಅಂಚನ್ನು ಹೊಲಿದು ಬಿಚ್ಚಿದಳು. ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಮೇಸ್ತ್ರಿ ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ.

"ಮುಗೀತು. ನಿನಗೇ ಮೊದಲು ಹೇಳೋಣ ಅಂತ ಬಂದೆ. ಇನ್ನೂ ಯಾರೂ ಹತ್ತಿಲ್ಲ."

ಲಿಫ್ಟ್ ಬಾಗಿಲು ತೆರೆದುಕೊಂಡಿತ್ತು, ಒಳಗೆ ಹೊಸ ದೀಪ ಉರಿಯುತ್ತಿತ್ತು. ಅವಳು ಕೈಚೀಲ ಹಿಡಿದು ಹೊಸ್ತಿಲು ದಾಟಿದಳು. ಔಷಧಿ ಮುಗಿದು ಎರಡು ದಿನವಾಗಿತ್ತು.

ಆಗ ನೆನಪಾಯಿತು. ಮದುವೆಯಾದ ಹೊಸದರಲ್ಲಿ ಅವನು ಅವಳನ್ನು ಕೆಲಸದ ಕಡೆಗೆ ಕರೆದೊಯ್ಯುತ್ತಿದ್ದ. ರಿಪೇರಿ ಮಾಡಿದವನೇ ಮೊದಲು ಹತ್ತಬೇಕು, ಮೇಲಿಂದ ಕೆಳಗಿನವರೆಗೆ ಒಂದು ಸಲ ಹೋಗಿ ಬರಬೇಕು, ಅದು ಅವನ ಗುರುವಿನ ಕಟ್ಟಪ್ಪಣೆ. ಎಷ್ಟೋ ಹೊಸ ಲಿಫ್ಟುಗಳಲ್ಲಿ ಅವರಿಬ್ಬರೇ ಮೊದಲು ಇಳಿದಿದ್ದರು, ಅವಳು ಅವನ ತೋಳು ಹಿಡಿದುಕೊಂಡು. ತನ್ನ ಕೆಲಸದ ಮೇಲೆ ನಂಬಿಕೆ ಇಲ್ಲದವನು ಮೆಟ್ಟಿಲು ಇಳೀತಾನೆ ಎಂದು ಅವನು ನಗುತ್ತಿದ್ದ.

"ನೀವೂ ಬನ್ನಿ," ಎಂದಳು. "ಮೊದಲಿನ ಹಾಗೆ ಒಟ್ಟಿಗೆ ಇಳಿಯೋಣ."

ಮೇಸ್ತ್ರಿ ತನ್ನ ಚಪ್ಪಲಿ ನೋಡಿಕೊಂಡ. ಬೋರ್ಡನ್ನು ಗೋಡೆಗೆ ಒರಗಿಸಿದ.

"ನನಗೆ ಐದನೇ ಮಹಡೀಲಿ ಸ್ವಲ್ಪ ಕೆಲಸ ಇದೆ. ನೀನು ಹೋಗು."

ಹೇಳಿದವನು ಮೆಟ್ಟಿಲ ಕಡೆ ತಿರುಗಿದ. ರಿಪೇರಿ ಮುಗಿಸಿದ ಮೇಲೆ ಅವನು ಮೆಟ್ಟಿಲು ಇಳಿದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ತೆರೆದ ಲಿಫ್ಟಿನ ಮುಂದೆ ಅವಳು ಮೆಲ್ಲಗೆ ಬಗ್ಗಿ ಬೋರ್ಡನ್ನು ಎತ್ತಿ ಬಾಗಿಲಿಗೆ ಮತ್ತೆ ತೂಗುಹಾಕಿದಳು.

ಅವನ ಹೆಜ್ಜೆ ಸದ್ದು ಐದನೇ ಮಹಡಿ ದಾಟಿತು, ನಾಲ್ಕನೆಯದನ್ನೂ ದಾಟಿತು. ಮೂರರಲ್ಲಿ ನಿಂತಿತು. ಅವಳು ಕಿವಿಗೊಟ್ಟಳು. ಕೆಳಗೆ ಅವನೂ ಹಾಗೇ ನಿಂತು, ಲಿಫ್ಟ್ ಇಳಿಯುವ ಸದ್ದಿಗೆ ಕಾಯುತ್ತಿದ್ದ.